ಪುರುಸೊತ್ತು ಎಂಬ ದೋಣಿ

ಪಂಚಾಕ್ಷರಪ್ಪನವರು ಮೂವತ್ತಾರು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಬಯಲುಸೀಮೆಯ ಒಂದು ಜಂಕ್ಷನ್‌ನಲ್ಲಿ ಹಸಿರು ಬಾವುಟ ಹಿಡಿದು ನಿಂತೇ ಅವರ ತಲೆ ಬೆಳ್ಳಗಾಗಿತ್ತು.

ನಿವೃತ್ತಿಯಾದ ಮೇಲೆ ಅವರ ಪಾಲಿಗೆ ಒಂದೇ ಒಂದು ಸ್ಟೇಷನ್ ಉಳಿಯಿತು. ಅದು ಮನೆಯ ಅಡುಗೆಕೋಣೆ.

"ಒಗ್ಗರಣೆ ನಾಲ್ಕು ನಿಮಿಷ ತಡ," ಎನ್ನುತ್ತಿದ್ದರು. "ಏಳೂವರೆಗೆ ರೊಟ್ಟಿ ಹೊರಡಬೇಕಿತ್ತು, ಇನ್ನೂ ಹಂಚಿನ ಮೇಲೇ ಇದೆ," ಎನ್ನುತ್ತಿದ್ದರು.

ಹೆಂಡತಿ ನೀಲಾಂಬಿಕೆ ಎಂಟು ತಿಂಗಳು ಸಹಿಸಿದರು. ಶಿವರಾತ್ರಿ ಕಳೆದ ಮರುದಿನ ಗಂಡನ ಬಟ್ಟೆಬರೆ ಚೀಲಕ್ಕೆ ತುಂಬಿ ಕೈಗೆ ಕೊಟ್ಟರು.

"ಶರಾವತಿ ಕಡಲು ಸೇರುವ ಕಡೆ ಬೀರಮ್ಮ ತಾಯಿ ಅಂತ ಒಬ್ಬರು ಇದ್ದಾರಂತೆ. ತಿಳಿದವರಂತೆ. ಮಳೆ ಹಿಡಿಯೋವರೆಗೆ ಅವರ ಹತ್ತಿರ ಇದ್ದು ಬರ್ರಿ."

"ಅಲ್ಲಿ ನಾನೇನು ಮಾಡಲಿ?"

"ನೀವೇನು ಮಾಡ್ತೀರೋ ನನಗೆ ಗೊತ್ತಿಲ್ಲ. ನಾನಿಲ್ಲಿ ಸ್ವಲ್ಪ ಉಸಿರಾಡ್ತೀನಿ."

*

ಹೊಳೆಯ ದಂಡೆಯಲ್ಲಿ ಮೂರು ಕೋಣೆಯ ಆಶ್ರಮ. ಅದರ ಮುಂದಿನ ಮರಳಿನಲ್ಲಿ ಒಂದು ಸಣ್ಣ ಹಾಯಿದೋಣಿ ಮಗ್ಗುಲಾಗಿ ಮಲಗಿತ್ತು. ಅದರ ಹೊಟ್ಟೆಯ ಕೆಳಗೆ, ಕಾವಿ ಸೀರೆಗೆ ಕಚ್ಚೆ ಹಾಕಿ, ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಒಬ್ಬ ಹೆಂಗಸು ಕುಳಿತಿದ್ದರು. ವಯಸ್ಸು ಐವತ್ತೈದರ ಆಚೀಚೆ.

ಅವರೇ ಬೀರಮ್ಮ ತಾಯಿ. ಅವರ ತಂದೆ ಹಿಂದೆ ಸರಕಿನ ಹಾಯಿಹಡಗುಗಳ ತಾಂಡೇಲ, ಎಂದರೆ ಹಡಗು ನಡೆಸುವವರ ಮುಖಂಡ. ಮಗಳು ಸನ್ಯಾಸ ತೆಗೆದುಕೊಂಡರೂ ದೋಣಿ ಬಿಡಲಿಲ್ಲ.

ಸನ್ಯಾಸಿಯಾದವರು ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದೆಡೆ ನಿಲ್ಲಬಹುದು, ಉಳಿದಂತೆ ಊರೂರು ತಿರುಗಬೇಕು ಎನ್ನುವುದು ನೇಮ. ಬೇರೆಯವರು ಕಾಲಿನಲ್ಲಿ ತಿರುಗುತ್ತಾರೆ. ಬೀರಮ್ಮ ಹಾಯಿಯಲ್ಲಿ ತಿರುಗುತ್ತಿದ್ದರು, ಅಳಿವೆಯಿಂದ ಅಳಿವೆಗೆ, ಹೊಳೆಬಾಯಿಯಿಂದ ಹೊಳೆಬಾಯಿಗೆ.

ಪಂಚಾಕ್ಷರಪ್ಪನವರು ಬಗ್ಗಿ ನಮಸ್ಕರಿಸಿದರು.

"ಏನು ಬೇಕಿತ್ತು?" ಎಂದರು ತಾಯಿ.

"ಮನಸ್ಸಿಗೆ ಶಾಂತಿ ಬೇಕು, ತಾಯೀ."

"ಈಜು ಬರ್ತದಾ?"

"ಇಲ್ಲ."

"ಹಾಗಾದರೆ ಮೊದಲು ಅದು."

ಒಂದು ವಾರ ಪಂಚಾಕ್ಷರಪ್ಪನವರು ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಹೊಳೆಯಲ್ಲಿ ಕೈಕಾಲು ಬಡಿದರು. ಚಿಪ್ಪು ಆರಿಸಲು ಬಂದ ಹೆಂಗಸರು ಬುಟ್ಟಿ ಕೆಳಗಿಟ್ಟು ನಿಂತು ನೋಡಿದರು. ಅವರಲ್ಲೊಬ್ಬಳು ಕೂಗಿದಳು: "ಅಜ್ಜಾ, ಬಾಯಿ ಮುಚ್ಚಿಕೊಳ್ಳಿ! ಹೊಳೆಯನ್ನೆಲ್ಲ ಕುಡಿದರೆ ನಾವೆಲ್ಲಿಗೆ ಹೋಗುವುದು?"

ಎಂಟನೆಯ ದಿನ ತಾಯಿ ಒಂದು ಕಾಯಿ ಬಿಚ್ಚಿದರು. ಹತ್ತನೆಯ ದಿನ ಇನ್ನೊಂದು. ಪಂಚಾಕ್ಷರಪ್ಪನವರು ಮುಳುಗಲಿಲ್ಲ. ದಂಡೆಗೆ ಬಂದು ಮರಳಿನಲ್ಲಿ ಬಿದ್ದುಕೊಂಡು, ಆಕಾಶ ನೋಡುತ್ತ, ಯಾಕೆಂದು ಗೊತ್ತಿಲ್ಲದೆ ನಕ್ಕರು.

*

ದೋಣಿಯ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಅದರ ಹೆಸರು ಬರೆದಿತ್ತು: ಪುರುಸೊತ್ತು.

"ಇದೂ ಒಂದು ಹೆಸರೇ, ತಾಯೀ?"

"ಯಾಕೆ ಮಾಸ್ತರೇ?"

"ಕೆಲಸಕ್ಕೆ ಹೋಗುವ ವಾಹನಕ್ಕೆ ಇಂಥ ಹೆಸರು ಇಡಬಾರದು."

"ನಾನು ಪುರುಸೊತ್ತಿನಲ್ಲಿದ್ದೇನೆ ಅಂತ ಹೇಳಿದರೆ ಜನ ಸಿಟ್ಟಾಗ್ತಿದ್ದರು. ಈಗ ಸಿಟ್ಟಾಗುವುದಿಲ್ಲ," ಎಂದರು ತಾಯಿ.

ಹಲಗೆಗಳ ನಡುವಿನ ಹಳೆಯ ಹತ್ತಿ ಕಿತ್ತು ಹೊಸ ಹತ್ತಿಯ ಎಳೆ ತುಂಬಬೇಕಿತ್ತು. ಆಮೇಲೆ ಇಡೀ ಮೈಗೆ ಗೇರುಸಿಪ್ಪೆಯ ಎಣ್ಣೆ ಬಳಿಯಬೇಕಿತ್ತು. ಅದು ಕೈ ಸುಡುವ ಎಣ್ಣೆ. "ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ," ಎಂದಿದ್ದರು ತಾಯಿ. ಪಂಚಾಕ್ಷರಪ್ಪನವರು ಅವಸರದಲ್ಲಿ ಹಚ್ಚಿಕೊಳ್ಳಲಿಲ್ಲ. ನಾಲ್ಕು ದಿನ ಬೆರಳೆಲ್ಲ ಬೊಕ್ಕೆ.

ಕೆಲಸ ಮಾಡಲಾಗದ ಆ ನಾಲ್ಕು ದಿನ ಅವರು ಸುಮ್ಮನೆ ಕೂರಲಿಲ್ಲ. ದೊಡ್ಡ ಹಾಳೆಯೊಂದಕ್ಕೆ ಗೆರೆ ಹೊಡೆದು ವೇಳಾಪಟ್ಟಿ ಬರೆದರು. ಸೋಮವಾರ ಎಂಟಕ್ಕೆ ಎಡಮಗ್ಗುಲು. ಮಂಗಳವಾರ ಎಂಟಕ್ಕೆ ಬಲಮಗ್ಗುಲು. ಬುಧವಾರ ಹಗ್ಗಗಳ ತಪಾಸಣೆ. ಮುಂದಿನ ಸೋಮವಾರ ಬೆಳಿಗ್ಗೆ ಆರು ಹತ್ತಕ್ಕೆ ನಿರ್ಗಮನ.

ತಾಯಿ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು.

"ಅಕ್ಷರ ಚಂದ ಉಂಟು. ಕಾಗದವೂ ಗಟ್ಟಿ ಉಂಟು."

ಹೀಗೆಂದು ಅದನ್ನು ಮಡಚಿದರು. ಮತ್ತೆ ಮಡಚಿದರು. ಕಾಗದದ ದೋಣಿ ಮಾಡಿ ಹೊಳೆಯ ಅಂಚಿಗೆ ಹೋಗಿ ನೀರಿನ ಮೇಲಿಟ್ಟರು.

ದೋಣಿ ಅಲುಗಲಿಲ್ಲ. ತಾಯಿ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಪಂಚಾಕ್ಷರಪ್ಪನವರು ಮುಖ ಊದಿಸಿಕೊಂಡು ಪಕ್ಕದಲ್ಲಿ ನಿಂತರು.

ಸ್ವಲ್ಪ ಹೊತ್ತಿಗೆ ಕಾಗದದ ದೋಣಿ ತಾನಾಗಿ ಮೂತಿ ತಿರುಗಿಸಿತು. ಮೆಲ್ಲಗೆ ಕಡಲಿನ ಕಡೆಗೆ ಹೊರಟಿತು. ಆಮೇಲೆ ಓಡತೊಡಗಿತು.

"ಇಳಿತ ಶುರುವಾಯ್ತು," ಎಂದರು ತಾಯಿ. "ಎಷ್ಟು ಗಂಟೆ?"

"ಹನ್ನೊಂದು ಇಪ್ಪತ್ತು."

"ನಾಳೆಯೂ ನೋಡಿ."

ಮರುದಿನ ಪಂಚಾಕ್ಷರಪ್ಪನವರು ಹತ್ತೂವರೆಗೇ ಹೋಗಿ ಕುಳಿತರು. ಒಣ ಎಲೆಯೊಂದನ್ನು ನೀರಿನ ಮೇಲಿಟ್ಟು ಕಾದರು. ಹನ್ನೆರಡು ಹತ್ತಕ್ಕೆ ಎಲೆ ಹೊರಟಿತು. ಅದರ ಮರುದಿನ ಒಂದು ಗಂಟೆ ಕಳೆದ ಮೇಲೆ.

ಅವರು ಓಡೋಡಿ ಬಂದರು.

"ತಾಯೀ! ಹೊಳೆಗೂ ಟೈಮ್ ಟೇಬಲ್ ಇದೆ! ಆದರೆ ದಿನಾ ಮುಕ್ಕಾಲು ಗಂಟೆಗಿಂತ ಹೆಚ್ಚು ತಡ ಮಾಡುತ್ತದೆ!"

"ತಡವಾ?" ಎಂದರು ತಾಯಿ ಹತ್ತಿ ಹೊಸೆಯುತ್ತ. "ಯಾವುದಕ್ಕಿಂತ?"

ಪಂಚಾಕ್ಷರಪ್ಪನವರು ಕೊಬ್ಬರಿ ಎಣ್ಣೆಯ ಬಟ್ಟಲು ಹುಡುಕಿ, ಕೈಗೆ ಹಚ್ಚಿಕೊಂಡು, ಎಡಮಗ್ಗುಲಿಗೆ ಹೋಗಿ ಕುಳಿತರು.

*

ದೋಣಿ ನೀರಿಗಿಳಿದ ಮೊದಲ ದಿನವೇ ಗಲಾಟೆ.

"ತಾಯೀ, ಒಳಗೆ ನೀರು! ಸೋರ್ತಾ ಇದೆ!"

"ಹೌದು."

"ಎಲ್ಲಿಂದ ಅಂತ ಗೊತ್ತಾಗ್ತಿಲ್ಲ!"

"ಎಲ್ಲ ಕಡೆಯಿಂದ."

"ಇಷ್ಟು ದಿನ ನಾವು ಮಾಡಿದ್ದೇನು ಹಾಗಾದರೆ?"

ತಾಯಿ ಅವರ ಕೈಗೆ ಒಂದು ಡಬ್ಬಿ ಕೊಟ್ಟರು. ಪಂಚಾಕ್ಷರಪ್ಪನವರು ಸಂಜೆಯವರೆಗೆ ನೀರು ಮೊಗೆದು ಚೆಲ್ಲಿದರು. ಸೊಂಟ ಬಿದ್ದುಹೋಯಿತು. ಮರುದಿನ ನೀರು ಅರ್ಧದಷ್ಟಿತ್ತು. ಮೂರನೆಯ ದಿನ ಅಂಗೈಯಷ್ಟು. ನಾಲ್ಕನೆಯ ದಿನ ತಳದ ಹಲಗೆ ಬರೀ ತೇವ.

ಅವರು ಹಲಗೆಯನ್ನು ತಟ್ಟಿ ನೋಡಿದರು. ಸಂದಿಯನ್ನು ಉಗುರಿನಿಂದ ಕೆರೆದು ನೋಡಿದರು.

"ಯಾರು ಮುಚ್ಚಿದರು ತಾಯೀ?"

"ದಡದಲ್ಲಿ ಒಣಗಿದ ಮರ. ನೀರು ಕುಡಿದು ಊದಿಕೊಂಡಿತು."

"ಅಂದರೆ ಸೋರಿಕೆಯನ್ನು ಮುಚ್ಚಿದ್ದು..."

"ಸೋರಿದ ನೀರೇ," ಎಂದರು ತಾಯಿ. "ಹಾಯಿ ಎತ್ತಿ, ಗಾಳಿ ಬಂತು."

*

ಆ ಬೇಸಿಗೆ ಪುರುಸೊತ್ತು ಉತ್ತರಕ್ಕೆ ಹೊರಟಿತು. ಬೆಳಗಿನ ಹೊತ್ತು ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ. ಎರಡರ ನಡುವೆ ಒಂದೆರಡು ಗಂಟೆ ಗಾಳಿಯೇ ಇಲ್ಲ. ಆಗ ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು. ಇಬ್ಬರೂ ಅದರ ನೆರಳಿನಲ್ಲಿ ಕುಳಿತು ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಉಣ್ಣುತ್ತಿದ್ದರು.

ಮೊದಲ ವಾರ ಪಂಚಾಕ್ಷರಪ್ಪನವರಿಗೆ ಆ ನಿಂತ ಹೊತ್ತು ಮೈಮೇಲೆ ಇರುವೆ ಬಿಟ್ಟ ಹಾಗಿರುತ್ತಿತ್ತು.

"ಗಾಳಿ ಯಾವಾಗ ಬರುತ್ತದೆ ತಾಯೀ?"

"ಬಂದಾಗ ಹೇಳ್ತೇನೆ."

ಚುಕ್ಕಾಣಿ ಹಿಡಿಯುವುದು ಇನ್ನೂ ಕಷ್ಟವಾಯಿತು. ದಡದ ಮೇಲೆ ಎರಡೇ ಮಾತಿನಲ್ಲಿ ಮುಗಿಸುವ ತಾಯಿ, ದೋಣಿ ಓಡತೊಡಗಿದರೆ ಬೇರೆಯವರೇ ಆಗಿಬಿಡುತ್ತಿದ್ದರು. ರಕ್ತದಲ್ಲೇ ಬಂದ ತಾಂಡೇಲಿಕೆ.

"ಬಿಗಿ ಮಾಡಿ! ಅಷ್ಟಲ್ಲ! ಸಡಿಲ ಬಿಡಿ! ಯಾರು ಹೇಳಿದ್ದು ಅಷ್ಟು ಬಿಡಲಿಕ್ಕೆ? ಮುಂದೆ ನೋಡಿ! ಹಾಯಿ ನೋಡಿ! ಈಗ ಹಿಂದೆ ನೋಡಿ!"

ಹಿಂದೆ ನೋಡಿದರೆ, ದೋಣಿ ಬಂದ ಗೆರೆ ನೀರಿನ ಮೇಲೆ ಹಾವಿನ ಹಾಗೆ ಡೊಂಕುಡೊಂಕು.

"ಜನ ಕುಮಟೆಗೆ ಒಂದು ಸಲ ಹೋಗ್ತಾರೆ ಮಾಸ್ತರೇ. ನೀವು ಒಂದೇ ದಿನದಲ್ಲಿ ಎರಡು ಸಲ ಹೋಗ್ತಾ ಇದ್ದೀರಿ."

ಪಂಚಾಕ್ಷರಪ್ಪನವರಿಗೆ ರೇಗಿತು. ಆಮೇಲೆ ನಗು ಬಂತು. ನಗುವಾಗ ಕೈ ತಾನಾಗಿ ಹಗುರವಾಯಿತು. ದೋಣಿ ನೆಟ್ಟಗೆ ಓಡಿತು. ತಾಯಿ ಅದನ್ನು ಕಂಡರು. ಅಪರೂಪಕ್ಕೆ ಏನೂ ಹೇಳಲಿಲ್ಲ.

ದಿನಗಳು ಹೋದವು. ಅವರಿಗೆ ಹಾಯಿ ಹೊಲಿಯಲು ಬಂತು. ಕತ್ತಲಲ್ಲೂ ಬಿಚ್ಚಬಲ್ಲ ಗಂಟು ಹಾಕಲು ಬಂತು. ಹಾಯಿ ಕಟ್ಟುವ ಕೂವೆಮರದ ತುದಿಗೆ ಹತ್ತಿ ಕಿತ್ತುಹೋದ ಹಗ್ಗ ಪೋಣಿಸಿ ಬಂದ ದಿನ, ಅರವತ್ತೊಂದು ವರ್ಷದ ಮನುಷ್ಯ ಗಂಜಿ ಮೂರು ಸಲ ಬಡಿಸಿಕೊಂಡು ಉಂಡರು. ಒಂದು ಬೆಳಿಗ್ಗೆ ಹಂದಿಮೀನುಗಳ, ಎಂದರೆ ಡಾಲ್ಫಿನ್‌ಗಳ, ಹಿಂಡು ದೋಣಿಯ ಎರಡೂ ಕಡೆ ಹಾರುತ್ತ ಬಂತು. ಅವರು ಎದ್ದು ನಿಂತು, ಬಾವುಟ ಹಿಡಿದವರ ಹಾಗೆ ಟವೆಲ್ ಎತ್ತಿ ಬೀಸಿದರು.

ಹೊರಟ ಹೊಸದರಲ್ಲಿ ಅವರು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮನೆಗೆ ಫೋನ್ ಮಾಡಿ, ಹಾಲು ಉಕ್ಕಿತಾ ಎಂದು ವಿಚಾರಿಸುತ್ತಿದ್ದರು. ಆಮೇಲೆ ಎರಡು ದಿನಕ್ಕೊಮ್ಮೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಮರೆತೇಬಿಟ್ಟರು.

ಮೇ ತಿಂಗಳಲ್ಲಿ ನೀಲಾಂಬಿಕೆಯೇ ಫೋನ್ ಮಾಡಿದರು.

"ಏನ್ರೀ, ಇದ್ದೀರಾ?"

"ಇದ್ದೀನಿ ಕಣೇ. ನಿನ್ನೆ ಹಂದಿಮೀನು ನೋಡಿದೆ."

ನೀಲಾಂಬಿಕೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ಹಾಲು ಉಕ್ಕಿತಾ ಅಂತ ಕೇಳಲಿಲ್ಲ?"

"ಯಾವ ಹಾಲು?"

ನೀಲಾಂಬಿಕೆಗೆ ಗಾಬರಿಯಾಯಿತು. "ಎಲ್ಲಿದ್ದೀರಿ ಹೇಳ್ರಿ. ನಾನೇ ಬರ್ತೀನಿ," ಎಂದರು.

*

ತದಡಿ ಬಂದರಿನ ಧಕ್ಕೆಯ ಮೇಲೆ ನೀಲಾಂಬಿಕೆ ಚೀಲ ಹಿಡಿದು ನಿಂತಿದ್ದರು. ಹಾಯಿದೋಣಿಯೊಂದು ಬಂದು ಮೆತ್ತಗೆ ತಾಗಿತು. ಬಿಸಿಲಿಗೆ ಕಪ್ಪಗೆ ಸುಟ್ಟ, ಗಡ್ಡ ಬಿಟ್ಟ ಒಬ್ಬ ಮನುಷ್ಯ ಹಗ್ಗ ಹಿಡಿದು ಧಕ್ಕೆಗೆ ಹಾರಿದ. ನೀಲಾಂಬಿಕೆ ಅವನಿಗೆ ದಾರಿ ಬಿಟ್ಟು ದೋಣಿಯೊಳಗೆ ಗಂಡನನ್ನು ಹುಡುಕಿದರು.

"ಇಲ್ಲೇ ಇದ್ದೀನಲ್ಲ," ಎಂದ ಆ ಮನುಷ್ಯ.

ನೀಲಾಂಬಿಕೆ ಅವರನ್ನು ನೋಡಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ತಾಯೀ, ನಾನು ಕಳಿಸಿದ್ದು ಇವರನ್ನಲ್ಲ."

"ಬದಲಾಯಿಸಿ ಕೊಡುವ ಪದ್ಧತಿ ಇಲ್ಲಮ್ಮ," ಎಂದರು ತಾಯಿ. "ಹತ್ತಿ. ನಾಳೆ ಆಶ್ರಮಕ್ಕೆ ಹೊರಡುವುದು. ಮಳೆ ಬರುವ ಮೊದಲು ದೋಣಿ ಮೇಲೆಳೆಯಬೇಕು."

ಮರುದಿನ ಬೆಳಿಗ್ಗೆ ಕಡಲು ತಟ್ಟೆಯ ಹಾಗಿತ್ತು. ನೀಲಾಂಬಿಕೆ ಕಾಲು ಇಳಿಬಿಟ್ಟು ಕುಳಿತು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ತಾಯಿ ಎರಡನೆಯ ರೊಟ್ಟಿ ಕೇಳಿ ತೆಗೆದುಕೊಂಡರು.

ಮಧ್ಯಾಹ್ನ ನೈಋತ್ಯದಲ್ಲಿ ಮೋಡ ಕಟ್ಟಿತು. ಹೇಳಿಕೇಳಿ ಬಂದ ಗಾಳಿಯಲ್ಲ ಅದು. ಒಮ್ಮೆಲೆ ಬಂದು ಹಾಯಿಗೆ ಗುದ್ದಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಹಾಯಿಯ ಹಗ್ಗ ತಾಯಿಯ ಕೈಯಿಂದ ಸರ್ರನೆ ಜಾರಿ ಓಡಿತು. ಅವರು ಬಿಡಲಿಲ್ಲ. ಬಿಟ್ಟಿದ್ದರೆ ಹಾಯಿ ಹರಿದುಹೋಗುತ್ತಿತ್ತು. ಪಂಚಾಕ್ಷರಪ್ಪನವರು ಹಾರಿ ಬಂದು ಹಗ್ಗದ ತುದಿಯನ್ನು ಗೂಟಕ್ಕೆ ಸುತ್ತಿದರು. ಹಾಯಿ ಅರ್ಧಕ್ಕೆ ಇಳಿಸಿದರು. ದೋಣಿ ನೆಟ್ಟಗಾಯಿತು.

ಗಾಳಿ ಬಂದ ಹಾಗೆಯೇ ಹೋಯಿತು. ಆದರೆ ಅಲೆ ಎದ್ದಿತ್ತು.

ತಾಯಿ ಅಂಗೈ ಬಿಡಿಸಿದರು. ಎರಡೂ ಕೈ ಸುಲಿದು ಕೆಂಪಗಾಗಿದ್ದವು. ನೀಲಾಂಬಿಕೆ ಸೆರಗಿನ ಅಂಚು ಹರಿದು ಕಟ್ಟಿದರು.

"ಇನ್ನು ಚುಕ್ಕಾಣಿ ನನ್ನ ಕೈಯಲ್ಲಿ ಆಗುವುದಿಲ್ಲ," ಎಂದರು ತಾಯಿ. "ಮಾಸ್ತರೇ, ನೀವು."

"ಅಳಿವೆಯವರೆಗೆ ತಾನೇ, ತಾಯೀ?"

"ಅಳಿವೆಯ ಒಳಗೆ."

ಹೊಳೆ ಕಡಲನ್ನು ಕೂಡುವ ಅಳಿವೆ ಇಕ್ಕಟ್ಟಿನ ಜಾಗ. ಅಡಿಯಲ್ಲಿ ಮರಳದಿಣ್ಣೆ. ಅಲೆ ಅಲ್ಲಿ ಎದ್ದು ಒಡೆಯುತ್ತದೆ. ಇಡೀ ಬೇಸಿಗೆ ಪ್ರತಿ ಅಳಿವೆಯನ್ನೂ ದಾಟಿಸಿದ್ದು ತಾಯಿಯೇ.

"ನೀವು ಪಕ್ಕದಲ್ಲಿ ಕೂತು ಹೇಳ್ತಾ ಬನ್ನಿ. ಹೇಳಿದ ಹಾಗೆ ಮಾಡ್ತೀನಿ."

ತಾಯಿ ಮುಂದಿನ ಮೂತಿಯ ಹತ್ತಿರ ಹೋಗಿ, ಮಡಿಸಿಟ್ಟ ಹಳೆಯ ಹಾಯಿಯ ಮೇಲೆ ತಲೆಯಿಟ್ಟು ಮಲಗಿದರು. ಸೆರಗನ್ನು ಮುಖಕ್ಕೆ ಎಳೆದುಕೊಂಡರು.

*

ನಾಲ್ಕು ಗಂಟೆಯ ಹೊತ್ತಿಗೆ ಅಳಿವೆ ಕಂಡಿತು. ಬೆಳ್ಳಗೆ ನೊರೆ. ಅದರಾಚೆ ಹೊಳೆಯ ತೆಳು ಹಸಿರು ನೀರು, ಆಶ್ರಮದ ಹಂಚು.

"ತಾಯೀ, ಅಳಿವೆ ಬಂತು!" ಎಂದು ಕೂಗಿದರು ಪಂಚಾಕ್ಷರಪ್ಪನವರು.

ತಾಯಿಯ ಮುಖದ ಮೇಲಿನ ಸೆರಗು ಏರಿ ಇಳಿಯುತ್ತಿತ್ತು. ಒಂದು ಸಣ್ಣ ಗೊರಕೆಯೂ ಕೇಳಿತು.

"ಎಬ್ಬಿಸಲೇನ್ರೀ?" ಎಂದರು ನೀಲಾಂಬಿಕೆ.

ಪಂಚಾಕ್ಷರಪ್ಪನವರು ತಾಯಿಯ ಕೈಯ ಕಟ್ಟು ನೋಡಿದರು. ನೊರೆ ನೋಡಿದರು.

"ಬೇಡ."

"ನಿಮಗೆ ಬರುತ್ತಾ ಇದು?"

"ಗೊತ್ತಿಲ್ಲ ನೀಲಾ."

ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಆ ಮಾತನ್ನು ಅವರು ಕೇಳಿದ್ದು ಅದೇ ಮೊದಲು. ಯಾಕೋ ಅವರಿಗೆ ಧೈರ್ಯ ಬಂತು. ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಗಟ್ಟಿಯಾಗಿ ಕುಳಿತರು.

ಪಂಚಾಕ್ಷರಪ್ಪನವರು ದೋಣಿಯನ್ನು ಒಳಗೆ ಬಿಡಲಿಲ್ಲ. ಅಳಿವೆಯ ಹೊರಗೇ ತಿರುಗಿಸಿ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರು. ಮತ್ತೆ ತಿರುಗಿಸಿ ಉತ್ತರಕ್ಕೆ ಬಂದರು. ಮತ್ತೆ ದಕ್ಷಿಣಕ್ಕೆ.

"ಯಾಕ್ರೀ ಇಲ್ಲೇ ಸುತ್ತುತ್ತಾ ಇದ್ದೀರಿ? ದಡ ಕಾಣ್ತಾ ಇದೆ. ಹಿಂದೆ ಮೋಡ ನೋಡ್ರಿ!"

"ನೀರು ಇನ್ನೂ ಹೊರಗೆ ಬರ್ತಾ ಇದೆ. ಹೊರಬರೋ ನೀರು, ಒಳಹೋಗೋ ಅಲೆ. ಎರಡೂ ಗುದ್ದಾಡ್ತಿವೆ. ಇಳಿತ ಮುಗೀಲಿ."

"ಎಷ್ಟು ಹೊತ್ತು?"

"ಸಿಗ್ನಲ್ ಬಿದ್ದಿಲ್ಲ."

ಮೋಡ ಹತ್ತಿರ ಬಂತು. ದೂರದಲ್ಲಿ ಗುಡುಗಿತು. ಕೈ ಚುಕ್ಕಾಣಿಯನ್ನು ಒಳಕ್ಕೆ ತಿರುಗಿಸು ತಿರುಗಿಸು ಎನ್ನುತ್ತಿತ್ತು. ಮೈಯ ಒಂದೊಂದು ಮೂಳೆಯೂ ಹೋಗು ಎನ್ನುತ್ತಿತ್ತು. ಅವರು ಹೋಗಲಿಲ್ಲ. ಮತ್ತೊಮ್ಮೆ ದೋಣಿ ತಿರುಗಿಸಿದರು.

ಹಾಗೆ ತಿರುಗಿಸುವಾಗ ಒಂದು ಸಂಗತಿ ಕಂಡಿತು. ಹೊಳೆಯಿಂದ ತೇಲಿ ಬರುತ್ತಿದ್ದ ಕಸಕಡ್ಡಿ, ತೆಂಗಿನ ಸೋಗೆ ಎಲ್ಲ ಅಳಿವೆಯ ಬಾಯಲ್ಲಿ ನಿಂತುಬಿಟ್ಟಿತ್ತು. ಮುಂದೂ ಇಲ್ಲ, ಹಿಂದೂ ಇಲ್ಲ. ನೊರೆಯ ಸದ್ದು ತಗ್ಗಿತು. ಸೋಗೆ ಮೆಲ್ಲಗೆ ಒಂದು ಸುತ್ತು ಹೊಡೆದು ಹೊಳೆಯ ಒಳಗೆ ತಲೆ ಹಾಕಿತು.

ಪಂಚಾಕ್ಷರಪ್ಪನವರು ಅಲೆ ಎಣಿಸಿದರು. ಒಂದು ದೊಡ್ಡದು ಹೋಯಿತು. ಇನ್ನೊಂದು ದೊಡ್ಡದು. ಮೂರನೆಯದೂ ಹೋಯಿತು. ಅದರ ಹಿಂದೆ ನೀರು ತಗ್ಗಾಗಿ, ಸಮನಾಗಿ ಬಿದ್ದಿತ್ತು.

"ಹಿಡ್ಕೋ!" ಎಂದರು.

ಹಾಯಿ ಪೂರ್ತಿ ಎತ್ತಿ ದೋಣಿಯನ್ನು ಒಳಕ್ಕೆ ಬಿಟ್ಟರು.

ನಡುವೆ ಬಂದಾಗ ಹಿಂದಿನಿಂದ ಒಂದು ಅಲೆ ಬಂದು ದೋಣಿಯನ್ನು ಎತ್ತಿತು. ಹಿಂಬದಿ ಮೇಲೆದ್ದಿತು. ಮೂತಿ ಎಡಕ್ಕೆ ಹೊರಳಲು ನೋಡಿತು. ಹೊರಳಿದ್ದರೆ ಅಷ್ಟೇ. ಪಂಚಾಕ್ಷರಪ್ಪನವರು ಚುಕ್ಕಾಣಿಯನ್ನು ಎಳೆಯಲಿಲ್ಲ, ಎದೆಯಿಂದ ಒರಗಿ ಒತ್ತಿ ಹಿಡಿದರು. ದೋಣಿ ಒಂದು ಗಳಿಗೆ ಯೋಚಿಸಿದ ಹಾಗೆ ನಡುಗಿತು. ಆಮೇಲೆ ನೆಟ್ಟಗಾಗಿ ಅಲೆಯ ಬೆನ್ನೇರಿ ಓಡಿತು. ಎರಡೂ ಕಡೆ ನೊರೆ ಭೋರ್ಗರೆಯಿತು. ನೀಲಾಂಬಿಕೆ ಕಿರುಚಿದರು. ಅದು ಭಯದ ಕಿರುಚಲಾಗಿ ಹೊರಟು ಅರ್ಧದಲ್ಲಿ ನಗುವಾಯಿತು. ಪಂಚಾಕ್ಷರಪ್ಪನವರು ತಮಗೇ ತಿಳಿಯದೆ ಶಿಳ್ಳೆ ಹಾಕುತ್ತಿದ್ದರು.

ಇದ್ದಕ್ಕಿದ್ದ ಹಾಗೆ ಎಲ್ಲ ನಿಶ್ಶಬ್ದ. ಹೊಳೆ. ಅಂಗೈಯಂಥ ನೀರು. ಕೆಸರಿನ ದಂಡೆಯಲ್ಲಿ ಬೆಳ್ಳಕ್ಕಿ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ತಲೆಯಿಂದ ನೀರು ಸೋರುತ್ತಿತ್ತು.

"ಇನ್ನೊಂದು ಸಲ ಹೋಗೋಣೇನ್ರೀ?" ಎಂದರು ನೀಲಾಂಬಿಕೆ.

ಮೊದಲ ಮಳೆಹನಿ ಹಾಯಿಯ ಮೇಲೆ ಟಪ್ಪೆಂದು ಬಿತ್ತು. ಮೂತಿಯ ಹತ್ತಿರ ಸೆರಗು ಸರಿಯಿತು. ತಾಯಿ ಎದ್ದು ಕುಳಿತು, ಕಣ್ಣುಜ್ಜಿ, ಸುತ್ತ ಹೊಳೆಯನ್ನು ನೋಡಿದರು. ಮೈಯೆಲ್ಲ ನೊರೆಯಲ್ಲಿ ನೆನೆದಿತ್ತು.

ಪಂಚಾಕ್ಷರಪ್ಪನವರು ಚುಕ್ಕಾಣಿ ಹೆಂಡತಿಯ ಕೈಗೆ ಕೊಟ್ಟು ಹೋಗಿ ಅವರ ಕಾಲು ಮುಟ್ಟಿದರು.

"ತಾಯೀ, ನಿಜ ಹೇಳಿ. ಅಷ್ಟು ದೊಡ್ಡ ಅಲೆಯಲ್ಲಿ ನೀವು ನಿದ್ದೆಯಲ್ಲೇ ಇದ್ದಿರಾ?"

ಬೀರಮ್ಮ ತಾಯಿ ಕಟ್ಟು ಹಾಕಿದ ಕೈಯಿಂದ ಮುಖದ ಉಪ್ಪುನೀರು ಒರೆಸಿಕೊಂಡರು.

"ಎಚ್ಚರ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನಾ, ಮಾಸ್ತರೇ?"